ಬ್ಲ್ಯಾಕ್‌ಬೆರಿ ಕೀ2: ಎಸ್‌ಪಿ ರಸ್ತೆಗೆ ಹೊರಡುವ ಮುನ್ನ ಓದಿ

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಾಗಲಿ, ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್‌ನಲ್ಲಾಗಲಿ ಹಳೇ ಫೋನ್ ಮಾರುವವರ ಹತ್ತಿರ ‘ಬ್ಲ್ಯಾಕ್‌ಬೆರಿ ಇದೆಯಾ’ ಎಂದು ಕೇಳಿದರೆ ಒಂದೇ ಡಬ್ಬದಿಂದ ಮೂರು ತಲೆಮಾರಿನ ಸೆಟ್‌ಗಳು ಹೊರಗೆ ಬರಬಹುದು. ನೋಡಲು ಮೂರೂ ಒಂದೇ ಮನೆಯವು. ಹೆಚ್ಚಿನವಕ್ಕೆ ಮೇಲೆ ಸ್ಕ್ರೀನ್, ಕೆಳಗೆ ಸಾಲಾಗಿ ಗುಂಡಿಗಳು, ಬೆನ್ನಿಗೆ ಏಳು ಚುಕ್ಕಿಯ ಗುರುತು. ಆದರೆ ಅವುಗಳಲ್ಲಿ ಇವತ್ತಿಗೂ ಫೋನ್ ಎಂದು ಬಳಸಲು ಬರುವುದು ಒಂದು ತಲೆಮಾರಿನದು ಮಾತ್ರ, ಅದರಲ್ಲೂ ಹಣ ಕೊಟ್ಟು ತರಬಹುದಾದ ಮಾಡೆಲ್ ನಮ್ಮ ಲೆಕ್ಕದಲ್ಲಿ ಒಂದೇ: 2018ರ ಕೀ2. ಅದನ್ನೂ ಎರಡನೇ ಫೋನಾಗಿ, ಬರೆಯುವ ಕೆಲಸಕ್ಕೆಂದೇ ತರಬೇಕು. ಬ್ಯಾಂಕಿನ ವ್ಯವಹಾರ ಅದರೊಳಗೆ ಇರಬಾರದು.

ಯಾವ ಬ್ಲ್ಯಾಕ್‌ಬೆರಿ ಉಳಿಯಿತು, ಯಾವುದು ಹೋಯಿತು ಎನ್ನುವುದಕ್ಕೆ ಒಂದು ಸರಳ ಅಳತೆ ಇದೆ. ತನ್ನನ್ನು ಮಾಡಿದ ಕಂಪನಿಯ ಸರ್ವರ್‌ಗಳನ್ನು ಹೆಚ್ಚು ನೆಚ್ಚಿಕೊಂಡಿದ್ದ ಸೆಟ್ ಮೊದಲು ಸತ್ತಿತು. ಕಡಿಮೆ ನೆಚ್ಚಿಕೊಂಡಿದ್ದು ಇನ್ನೂ ಓಡುತ್ತಿದೆ. ಈ ಮಾತು ಮನಸ್ಸಿನಲ್ಲಿದ್ದರೆ ಅಂಗಡಿಯಲ್ಲಿ ಮೋಸ ಹೋಗುವುದು ತಪ್ಪುತ್ತದೆ.

ಮೊದಲ ತಲೆಮಾರು ಬೋಲ್ಡ್ ಮತ್ತು ಕರ್ವ್. ಬೋಲ್ಡ್ 9700, 9780, 9900, ಕರ್ವ್ 8520 ಇವೆಲ್ಲ ಓಡುವುದು ಕಂಪನಿಯದೇ ಮೂಲ ತಂತ್ರಾಂಶವಾದ ಬ್ಲ್ಯಾಕ್‌ಬೆರಿ ಓಎಸ್ 7.1 ಅಥವಾ ಅದಕ್ಕೂ ಹಿಂದಿನದರಲ್ಲಿ. ಒಂದು ಕಾಲಕ್ಕೆ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಡೆಯ ಕಂಪನಿಗಳಲ್ಲಿ ಮ್ಯಾನೇಜರ್ ಆದವರ ಸೊಂಟದಲ್ಲಿ ಕೆಂಪು ದೀಪ ಮಿಣುಕಿಸುತ್ತಾ ಕೂತಿದ್ದವು ಇವೇ. ಗಾರ್ಟ್ನರ್ ಸಂಸ್ಥೆಯ ಲೆಕ್ಕದ ಪ್ರಕಾರ 2009ರಲ್ಲಿ ಜಗತ್ತಿನಲ್ಲಿ ಮಾರಾಟವಾದ ಸ್ಮಾರ್ಟ್‌ಫೋನ್‌ಗಳಲ್ಲಿ ಶೇ 19.9ರಷ್ಟು ಈ ಕೆನಡಾ ಕಂಪನಿಯವು. ಹೆಚ್ಚುಕಡಿಮೆ ಐದರಲ್ಲಿ ಒಂದು. ಆಗ ಕಂಪನಿಯ ಹೆಸರು ರಿಸರ್ಚ್ ಇನ್ ಮೋಷನ್. ಫೋನಿನ ಹೆಸರನ್ನೇ ಕಂಪನಿಗೂ ಇಟ್ಟದ್ದು 2013ರಲ್ಲಿ.

ಈ ಸೆಟ್‌ಗಳ ಶಕ್ತಿ ಎಲ್ಲಿತ್ತೋ ಅವುಗಳ ಸಾವೂ ಅಲ್ಲೇ ಇತ್ತು. ಇಮೇಲ್ ನೇರವಾಗಿ ಫೋನಿಗೆ ಬರುತ್ತಿರಲಿಲ್ಲ. ಮೊದಲು ಕಂಪನಿಯ ಸ್ವಂತ ಕೇಂದ್ರಕ್ಕೆ ಹೋಗಿ, ಅಲ್ಲಿ ಕುಗ್ಗಿಸಿ, ಗುಪ್ತಲಿಪಿಯಲ್ಲಿ ಕಟ್ಟಿ, ಮೊಬೈಲ್ ನೆಟ್‌ವರ್ಕ್ ಮೂಲಕ ಕೈಗೆ ತಲುಪುತ್ತಿತ್ತು. ಎಡ್ಜ್ ಎಂಬ ನಿಧಾನದ 2ಜಿ ನೆಟ್‌ವರ್ಕ್‌ನಲ್ಲೂ ಮೇಲ್ ತಕ್ಷಣ ಬಂದು ಬೀಳುತ್ತಿದ್ದದ್ದು, ಡೇಟಾ ಕಡಿಮೆ ಖರ್ಚಾಗುತ್ತಿದ್ದದ್ದು, 2010ರಲ್ಲಿ ಭಾರತ ಸರ್ಕಾರ ‘ಸಂದೇಶಗಳನ್ನು ನೋಡಲು ದಾರಿ ಕೊಡಿ, ಇಲ್ಲದಿದ್ದರೆ ಸೇವೆ ನಿಲ್ಲಿಸುತ್ತೇವೆ’ ಎಂದು ಆಗಸ್ಟ್ 31ರ ಗಡುವು ಹಾಕಿದ್ದು, ಎಲ್ಲಕ್ಕೂ ಕಾರಣ ಈ ಏರ್ಪಾಡೇ. ಅದರ ಇನ್ನೊಂದು ಮುಖ 2011ರ ಅಕ್ಟೋಬರ್‌ನಲ್ಲಿ ಕಾಣಿಸಿತು. ಕಂಪನಿಯ ಒಂದು ಮುಖ್ಯ ಸ್ವಿಚ್ ಕೆಟ್ಟಿತು, ಬದಲಿ ವ್ಯವಸ್ಥೆ ಕೈಕೊಟ್ಟಿತು, ಯುರೋಪ್‌ನಿಂದ ಭಾರತದವರೆಗೆ ದಿನಗಟ್ಟಲೆ ಮೇಲ್ ನಿಂತಿತು. ಕೊನೆಗೆ 2022ರ ಜನವರಿ 4ರಂದು ಕಂಪನಿ ಆ ಹಳೆಯ ಸೇವೆಗಳನ್ನು ಶಾಶ್ವತವಾಗಿ ಮುಚ್ಚಿತು. ಈ ಸೆಟ್‌ಗಳಲ್ಲಿ ಡೇಟಾ, ಕರೆ, ಎಸ್‌ಎಂಎಸ್ ಯಾವುದನ್ನೂ ನಂಬುವಂತಿಲ್ಲ ಎಂದು ಅದೇ ಹೇಳಿದೆ.

ಹಾಗಾಗಿ ಯಾರಾದರೂ ಬೋಲ್ಡ್ 9900 ತೋರಿಸಿ ‘ಬ್ಯಾಟರಿ ಹೊಸದು ಸಾರ್’ ಎಂದರೆ, ಅದು ನಿಜವೇ ಇರಬಹುದು. ಹಿಂದಿನ ಮುಚ್ಚಳ ತೆಗೆದು ಜೆ-ಎಂ1 ಎಂಬ 1230 ಎಂಎಎಚ್ ಬ್ಯಾಟರಿಯನ್ನು ಯಾರು ಬೇಕಾದರೂ ಬದಲಿಸಬಹುದು. 9700 ಮತ್ತು 9780ಕ್ಕೆ ಎಂ-ಎಸ್1, 8520ಕ್ಕೆ ಸಿ-ಎಸ್2. ಆದರೆ ಬ್ಯಾಟರಿ ಹಾಕಿದ ಮೇಲೆ ಮಾಡಲು ಕೆಲಸವೇನೂ ಉಳಿದಿಲ್ಲ. ಜಿಯೋದಲ್ಲಿ 2ಜಿ, 3ಜಿ ಎರಡೂ ಇಲ್ಲ, ಆದ್ದರಿಂದ ಜಿಯೋ ಸಿಮ್ ಇದರಲ್ಲಿ ನಡೆಯುವುದೇ ಇಲ್ಲ. ಏರ್‌ಟೆಲ್ 3ಜಿ ಮುಚ್ಚಿ ವರ್ಷಗಳಾದವು. 2ಜಿ ಇರುವವರೆಗೆ ಕರೆ ಹೋದರೆ ಹೋಯಿತು, ಅಷ್ಟೇ. ಶೋಕೇಸಿನಲ್ಲಿ ಇಡಲು ಚೆನ್ನ.

ಎರಡನೆಯ ತಲೆಮಾರು ಬ್ಲ್ಯಾಕ್‌ಬೆರಿ 10: ಜೆಡ್10, ಕ್ಯೂ10, ಕ್ಯೂ5, ಪಾಸ್‌ಪೋರ್ಟ್, ಕ್ಲಾಸಿಕ್. ಕೊಳ್ಳುವವರು ಎಡವುವುದು ಇಲ್ಲೇ ಹೆಚ್ಚು, ಏಕೆಂದರೆ ಇವು ನಿಜಕ್ಕೂ ಚೆಲುವಾದ ಯಂತ್ರಗಳು. 2014ರ ಪಾಸ್‌ಪೋರ್ಟ್‌ನ 1440×1440ರ ಚೌಕ ಸ್ಕ್ರೀನಿನಲ್ಲಿ ಅಕ್ಷರಗಳು ಇಂದಿಗೂ ಅಚ್ಚು ಹೊಡೆದ ಹಾಗೆ ಕಾಣುತ್ತವೆ. ಆದರೆ ವಾಟ್ಸ್‌ಆ್ಯಪ್ ಈ ಓಎಸ್ ಅನ್ನು 2017ರ ಡಿಸೆಂಬರ್ 31ಕ್ಕೇ ಬಿಟ್ಟುಹೋಯಿತು. ಆಂಡ್ರಾಯ್ಡ್ ಆ್ಯಪ್ ಓಡಿಸಲು ಒಳಗೆ ಇಟ್ಟಿದ್ದ ವ್ಯವಸ್ಥೆ ಆಂಡ್ರಾಯ್ಡ್ 4.3ರ ಮಟ್ಟದಲ್ಲೇ ನಿಂತಿದೆ, ಇಂದಿನ ಆ್ಯಪ್‌ಗಳು ಅದರ ಮೇಲೆ ಏಳುವುದಿಲ್ಲ. 2022ರಲ್ಲಿ ಮುಚ್ಚಿದ ಸೇವೆಗಳಲ್ಲಿ ಬ್ಲ್ಯಾಕ್‌ಬೆರಿ 10 ಕೂಡ ಸೇರಿತ್ತು. ಹಳೇ ಮಾಲೀಕರ ಬ್ಲ್ಯಾಕ್‌ಬೆರಿ ಐಡಿ ಒಳಗೇ ಕೂತಿರುವ ಸೆಟ್ ಆದರೆ ಮುಟ್ಟಲೇಬೇಡಿ. ಅದನ್ನು ಬಿಡಿಸಿಕೊಡುವ ಬಾಗಿಲು ಈಗ ಇಲ್ಲ.

ಐಫೋನ್ ಬಂದದ್ದು 2007ರಲ್ಲಿ. ಅದಕ್ಕೆ ಸರಿಸಾಟಿಯಾಗಿ ಮೊದಲಿನಿಂದ ಕಟ್ಟಿದ ಓಎಸ್ ಈ ಕಂಪನಿಯಿಂದ ಬಂದದ್ದು 2013ರ ಜನವರಿಯಲ್ಲಿ. ಆರು ವರ್ಷ. ಜೆಡ್10 ಭಾರತದಲ್ಲಿ 43,490 ರೂಪಾಯಿಗೆ ಇಳಿಯುವ ಹೊತ್ತಿಗೆ ಆ್ಯಪ್ ಮಾಡುವವರೆಲ್ಲ ಬೇರೆ ಎರಡು ಮನೆಗಳಲ್ಲಿ ನೆಲೆಯೂರಿದ್ದರು. ಗಾರ್ಟ್ನರ್ 2016ರ ಕೊನೆಯ ಮೂರು ತಿಂಗಳಿಗೆ ಕೊಟ್ಟ ಲೆಕ್ಕದಲ್ಲಿ ಬ್ಲ್ಯಾಕ್‌ಬೆರಿ ಓಎಸ್‌ನ ಪಾಲು ಶೇ 0.0. ಅಷ್ಟರಲ್ಲಿ, ಆ ವರ್ಷದ ಸೆಪ್ಟೆಂಬರ್‌ನಲ್ಲೇ, ಕಂಪನಿ ಫೋನ್ ತಯಾರಿಯಿಂದ ಕೈ ತೊಳೆದುಕೊಂಡು ಹೆಸರನ್ನು ಬಾಡಿಗೆಗೆ ಕೊಡಲು ನಿರ್ಧರಿಸಿತ್ತು. ಹೊರದೇಶಗಳಿಗೆ ಚೀನಾದ ಟಿಸಿಎಲ್, ಭಾರತಕ್ಕೆ ಆಪ್ಟಿಮಸ್ ಇನ್‌ಫ್ರಾಕಾಮ್. ಮೂರನೆಯ ತಲೆಮಾರಾದ ಕೀವನ್, ಕೀ2, ಕೀ2 ಎಲ್‌ಇ ಹುಟ್ಟಿದ್ದು ಈ ಏರ್ಪಾಡಿನಲ್ಲಿ. ಒಳಗೆ ಓಡುವುದು ಗೂಗಲ್‌ನ ಆಂಡ್ರಾಯ್ಡ್, ಪ್ಲೇ ಸ್ಟೋರ್ ಗೂಗಲ್‌ದು, ಮೇಲ್ ನಿಮ್ಮ ಮೇಲ್ ಕಂಪನಿಯದು. ಬ್ಲ್ಯಾಕ್‌ಬೆರಿ ಸರ್ವರ್ ಮುಚ್ಚಿದ ದಿನ ಕೀ2 ಕಣ್ಣು ಮಿಟುಕಿಸಲಿಲ್ಲ.

ಇನ್ನು ಕೀ2 ವಿಚಾರ. 2018ರ ಜುಲೈನಲ್ಲಿ ಭಾರತಕ್ಕೆ ಬಂದಾಗ ಬೆಲೆ 42,990. ಸ್ನ್ಯಾಪ್‌ಡ್ರ್ಯಾಗನ್ 660 ಚಿಪ್, 6 ಜಿಬಿ ರ‍್ಯಾಮ್, 3500 ಎಂಎಎಚ್ ಬ್ಯಾಟರಿ, ಟೈಪ್-ಸಿ ಚಾರ್ಜಿಂಗ್, ಕ್ವಿಕ್ ಚಾರ್ಜ್ 3.0, ಮೇಲೆ 3.5 ಎಂಎಂ ಹೆಡ್‌ಫೋನ್ ತೂತು. ತೂಕ 168 ಗ್ರಾಂ. ಅಂಚು ಅಲ್ಯೂಮಿನಿಯಂ, ಬೆನ್ನು ಕೈಯಿಂದ ಜಾರದ ಹಾಗೆ ತರಿತರಿಯಾದ ಹೊದಿಕೆ. ಈ ಬೆನ್ನನ್ನು ಹೊಗಳಲೇಬೇಕು. ಇಂದಿನ ಗಾಜಿನ ಫೋನ್‌ಗಳ ಹಾಗೆ ಇದಕ್ಕೆ ಕವರ್ ತೊಡಿಸುವ ಅಗತ್ಯ ಬೀಳುವುದಿಲ್ಲ.

ಗುಂಡಿಗಳು 35. ಹಿಂದಿನ ಕೀವನ್‌ಗಿಂತ ಶೇ 20ರಷ್ಟು ಎತ್ತರ, ಹೊಳಪಿಲ್ಲದ ಮೈ. ಒಂದೊಂದು ಸಾಲಿನ ನಡುವೆ ತೆಳುವಾದ ಲೋಹದ ಪಟ್ಟಿ. ಪ್ರತಿ ಗುಂಡಿಯ ಮೇಲ್ಮೈಗೆ ಸಣ್ಣ ಓರೆ ಕೊಟ್ಟಿರುವುದರಿಂದ ಹೆಬ್ಬೆರಳು ಪಕ್ಕದ ಅಕ್ಷರಕ್ಕೆ ಜಾರದೆ ತಾನಾಗಿ ಜಾಗ ಕಂಡುಕೊಳ್ಳುತ್ತದೆ. ಎರಡು ವಾರ ಕೈ ಪಳಗಿದರೆ ಸ್ಕ್ರೀನ್ ನೋಡುತ್ತಲೇ, ಗುಂಡಿ ನೋಡದೆ, ಉದ್ದದ ಮೇಲ್ ಬರೆಯಬಹುದು. ಗಾಜಿನ ಮೇಲೆ ಟೈಪ್ ಮಾಡುವವರು ಪದವನ್ನು ಫೋನ್ ತಾನೇ ತಿದ್ದಿಕೊಳ್ಳಲಿ ಎಂದು ಬಿಟ್ಟುಬಿಡುತ್ತಾರೆ. ಇಲ್ಲಿ, ತಾನಾಗಿ ತಿದ್ದುವ ಸೌಲಭ್ಯವನ್ನು ಆಫ್ ಮಾಡಿಟ್ಟರೆ, ನೀವು ಒತ್ತಿದ ಅಕ್ಷರವೇ ಬೀಳುತ್ತದೆ. ಕನ್ನಡದ ಹೆಸರು, ಊರು, ಅಡ್ಡಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರಿಗೆ ಇದು ದೊಡ್ಡ ನೆಮ್ಮದಿ. ಮಲ್ಲೇಶ್ವರವನ್ನೂ ಬಸವನಗುಡಿಯನ್ನೂ ಯಾವ ಯಂತ್ರವೂ ಬೇರೆ ಪದವಾಗಿ ಬದಲಿಸುವುದಿಲ್ಲ. ಮೇಲೆ ಬರುವ ಮೂರು ಸಲಹೆಗಳಲ್ಲಿ ಬೇಕಾದದ್ದರ ಕೆಳಗೆ ಗುಂಡಿಗಳ ಮೇಲೆ ಬೆರಳನ್ನು ಮೇಲಕ್ಕೆ ಚಿಮ್ಮಿದರೆ ಪದ ಹೋಗಿ ಕೂರುತ್ತದೆ.

ಹೌದು, ಗುಂಡಿಗಳ ಇಡೀ ಮೈ ಸ್ಪರ್ಶಕ್ಕೂ ಸ್ಪಂದಿಸುತ್ತದೆ. ಅದರ ಮೇಲೆ ಬೆರಳು ಸವರಿದರೆ ಪುಟ ಸರಿಯುತ್ತದೆ, ಓದುವಾಗ ಬೆರಳು ಸ್ಕ್ರೀನಿಗೆ ಅಡ್ಡ ಬರುವುದಿಲ್ಲ. ಬರೆಯುವಾಗ ಎರಡು ಬಾರಿ ತಟ್ಟಿ ಸವರಿದರೆ ಕರ್ಸರ್ ಒಂದೊಂದೇ ಅಕ್ಷರ ಆಚೀಚೆ ಹೋಗುತ್ತದೆ. ಸ್ಪೇಸ್ ಗುಂಡಿಯೇ ಬೆರಳಚ್ಚಿನ ಜಾಗ. ಅಂಕಿಗಳಿಗೆ ಎಡಗಡೆಯ ಆಲ್ಟ್ ಹಿಡಿದು ಡಬ್ಲ್ಯೂ-ಇ-ಆರ್, ಎಸ್-ಡಿ-ಎಫ್, ಜೆಡ್-ಎಕ್ಸ್-ಸಿ ಒತ್ತಬೇಕು. ಹಳೇ ಬೋಲ್ಡ್ ಬಳಸಿದವರ ಬೆರಳಿಗೆ ಇದು ನೆನಪಿರುತ್ತದೆ.

ಕೀ2ಕ್ಕೆ ಹೊಸದಾಗಿ ಸೇರಿದ್ದು ಕೆಳಸಾಲಿನ ಬಲ ತುದಿಯ ಸ್ಪೀಡ್ ಕೀ. ಪ್ರತಿ ಅಕ್ಷರಕ್ಕೆ ಚಿಕ್ಕ ಒತ್ತಿಗೊಂದು, ದೀರ್ಘ ಒತ್ತಿಗೊಂದು ಕೆಲಸ ಕಟ್ಟಬಹುದು, ಒಟ್ಟು 52. ಮೊದಲ ದಿನವೇ 52ನ್ನೂ ತುಂಬಿಸಲು ಹೋದರೆ ಒಂದೂ ನೆನಪಿರುವುದಿಲ್ಲ. ಆರರಿಂದ ಶುರುಮಾಡಿ: ಡಬ್ಲ್ಯೂಗೆ ವಾಟ್ಸ್‌ಆ್ಯಪ್, ಎಂಗೆ ಮೇಲ್, ಸಿಗೆ ಕ್ಯಾಲೆಂಡರ್, ಎನ್‌ಗೆ ಟಿಪ್ಪಣಿ, ಎಫ್‌ಗೆ ಬ್ರೌಸರ್, ಎಚ್ ದೀರ್ಘ ಒತ್ತಿಗೆ ಮನೆಗೆ ಕರೆ. ಬೇರೆ ಯಾವ ಆ್ಯಪ್ ತೆರೆದಿದ್ದರೂ ಸ್ಪೀಡ್ ಕೀ ಹಿಡಿದು ಅಕ್ಷರ ಒತ್ತಿದರೆ ಸಾಕು, ಮುಖಪುಟಕ್ಕೆ ಹಿಂದಿರುಗಬೇಕಿಲ್ಲ.

ಕನ್ನಡದ ಮಾತಿಗೆ ಬಂದರೆ ಇಷ್ಟೇ ಸಂತೋಷದಿಂದ ಬರೆಯಲಾಗುವುದಿಲ್ಲ. ಗುಂಡಿಗಳ ಮೇಲಿರುವುದು ಇಂಗ್ಲಿಷ್ ಅಕ್ಷರ ಮಾತ್ರ. ಕಂಪ್ಯೂಟರಿನಲ್ಲಿ ನುಡಿ, ಬರಹ ತಂತ್ರಾಂಶಗಳನ್ನು ಬಳಸಿ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸಕ್ಕೆ ಬೆರಳು ಪಳಗಿಸಿಕೊಂಡವರು ಅದೇ ಸುಖ ಇಲ್ಲೂ ಸಿಗುತ್ತದೆ ಎಂದುಕೊಂಡು ಕೊಂಡರೆ ನಿರಾಸೆಯಾಗುತ್ತದೆ. ಸುಲಭವಾಗಿ ನಡೆಯುವ ದಾರಿ ಎಂದರೆ ಪ್ಲೇ ಸ್ಟೋರ್‌ನಿಂದ ಗೂಗಲ್‌ನ ಕೀಬೋರ್ಡ್ ಆ್ಯಪ್ ಜಿಬೋರ್ಡ್ ಹಾಕಿಕೊಂಡು, ಅದಕ್ಕೆ ಕನ್ನಡ ಸೇರಿಸಿ, ಸೆಟ್ಟಿಂಗ್ಸ್‌ನ ಭಾಷೆ ಮತ್ತು ಇನ್‌ಪುಟ್ ವಿಭಾಗದಲ್ಲಿ ಭೌತಿಕ ಕೀಬೋರ್ಡ್ ಎಂಬಲ್ಲಿ ‘ವರ್ಚುವಲ್ ಕೀಬೋರ್ಡ್ ತೋರಿಸು’ ಎಂಬುದನ್ನು ಆನ್ ಮಾಡುವುದು. ಆಗ ಕನ್ನಡದ ಕೀಲಿಮಣೆ ಸ್ಕ್ರೀನ್ ಮೇಲೆ ಬರುತ್ತದೆ. ಆದರೆ 4.5 ಇಂಚಿನ ಸ್ಕ್ರೀನ್‌ನ ಅಗಲ ಎರಡೂವರೆ ಇಂಚು, ಎತ್ತರ ಮೂರು ಮುಕ್ಕಾಲು ಇಂಚು. ಮಣೆ ಬಂದು ಕೂತರೆ ಬರೆದದ್ದನ್ನು ನೋಡಲು ಉಳಿಯುವುದು ಹೆಚ್ಚೆಂದರೆ ಅರ್ಧ, ಕೆಳಗಿನ 35 ಗುಂಡಿಗಳು ಸುಮ್ಮನೆ ಕೂರುತ್ತವೆ. ಇದಕ್ಕಿಂತ ಜಿಬೋರ್ಡ್‌ನ ಮೈಕ್ ಒತ್ತಿ ಕನ್ನಡದಲ್ಲಿ ಹೇಳಿ ಬರೆಸುವುದು ಮೇಲು. ಓದುವುದಕ್ಕೆ ತೊಂದರೆಯಿಲ್ಲ, ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆ. ದಿನಕ್ಕೆ ಹತ್ತು ಸಾಲಿಗಿಂತ ಹೆಚ್ಚು ಕನ್ನಡ ಲಿಪಿಯಲ್ಲೇ ಬರೆಯುವವರು ನೀವಾದರೆ ಈ ಫೋನ್ ಬೇಡ. ಇಷ್ಟು ಒಳ್ಳೆಯ ಗುಂಡಿಗಳ ಮೇಲೆ ನಮ್ಮ ಅಕ್ಷರ ಕೂರಲಿಲ್ಲ ಎನ್ನುವ ಬೇಸರ ಇದನ್ನು ಮೆಚ್ಚಿದವರಿಗೇ ಹೆಚ್ಚು.

ಸ್ಕ್ರೀನ್ 1620×1080, ಅಳತೆ 3:2. ಮೇಲ್, ಪಿಡಿಎಫ್, ಚಾಟ್‌ಗೆ ಹೇಳಿ ಮಾಡಿಸಿದ ಹಾಗಿದೆ. ವಿಡಿಯೋ ನೋಡಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ. ಉದ್ದದ ಸ್ಕ್ರೀನ್‌ಗಳಿಗೆಂದು ಮಾಡಿದ ಕೆಲವು ಆ್ಯಪ್‌ಗಳಲ್ಲಿ ‘ಮುಂದುವರಿಸಿ’ ಎಂಬ ಗುಂಡಿ ಕಣ್ಣಿಗೆ ಬೀಳದೆ ಕೆಳಗೆ ಸೇರಿಹೋಗುತ್ತದೆ. ಆಗ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ವಿಭಾಗದಲ್ಲಿ ಡಿಸ್‌ಪ್ಲೇ ಗಾತ್ರವನ್ನು ಒಂದು ಹಂತ ಚಿಕ್ಕದು ಮಾಡಿದರೆ ಹೆಚ್ಚಿನವು ಸರಿಹೋಗುತ್ತವೆ. ಕ್ಯಾಮೆರಾ ಎರಡು, ತಲಾ 12 ಮೆಗಾಪಿಕ್ಸೆಲ್. ಹಗಲಿನಲ್ಲಿ ಚೀಟಿ, ಬಿಲ್, ವೈಟ್‌ಬೋರ್ಡ್ ಹಿಡಿಯಲು ಸಾಕು. ಮದುವೆ ಮನೆಗೆ ಬೇರೆ ಫೋನ್ ಒಯ್ಯಿರಿ.

ಇನ್ನು ನಿಜವಾದ ತೊಡಕು ಸಾಫ್ಟ್‌ವೇರ್. ಕೀ2 ಆಂಡ್ರಾಯ್ಡ್ 8.1ರಲ್ಲಿ ಬಂತು, ಅಲ್ಲೇ ಉಳಿಯಿತು. 9ಕ್ಕೆ ಅಧಿಕೃತವಾಗಿ ಏರಲೇ ಇಲ್ಲ. ಟಿಸಿಎಲ್ 2020ರ ಆಗಸ್ಟ್ 31ಕ್ಕೆ ಬ್ಲ್ಯಾಕ್‌ಬೆರಿ ಹೆಸರಿನಲ್ಲಿ ಮಾರುವುದನ್ನು ನಿಲ್ಲಿಸಿತು, ಬೆಂಬಲ ಕೊಡುವ ಗಡುವು 2022ರ ಆಗಸ್ಟ್ 31ಕ್ಕೆ ಮುಗಿಯಿತು. ಬೇರೆ ಹಳೇ ಫೋನ್‌ಗಳಿಗೆ ಇರುವ ಹಾಗೆ ಹೊರಗಿನವರು ಕಟ್ಟಿದ ಹೊಸ ಆಂಡ್ರಾಯ್ಡ್ ಹಾಕಿ ಮೇಲೆತ್ತೋಣ ಎಂದರೆ ಅದೂ ಆಗದು. ಫೋನ್ ಆನ್ ಆಗುವಾಗ ಓಎಸ್ ಅನ್ನು ಎಬ್ಬಿಸುವ ಬೂಟ್‌ಲೋಡರ್‌ಗೆ ಬಿಗಿ ಬೀಗ, ಅದನ್ನು ತೆರೆಯುವ ಸೌಲಭ್ಯವನ್ನು ಕಂಪನಿ ಕೊಡಲಿಲ್ಲ. ಹಿಂದೆ ಭದ್ರತೆಗೆಂದು ಹಾಕಿದ ಬೀಗ ಇಂದು ಫೋನಿನ ಆಯಸ್ಸನ್ನೇ ಕಡಿಮೆ ಮಾಡಿದೆ. ‘ಲಿನೇಜ್ (ಅಂಥದ್ದೊಂದು ಆಂಡ್ರಾಯ್ಡ್) ಹಾಕಿಕೊಡುತ್ತೇನೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇದರ ಪರಿಣಾಮ ಒಂದೊಂದಾಗಿ ಕಾಣುತ್ತದೆ. ಕ್ರೋಮ್ ಬ್ರೌಸರ್ 138ನೇ ಆವೃತ್ತಿಯಲ್ಲಿ ನಿಂತುಹೋಗುತ್ತದೆ, 139ರಿಂದ ಮುಂದಿನವಕ್ಕೆ ಆಂಡ್ರಾಯ್ಡ್ 10 ಬೇಕು. ಇದು ಬರೀ ಬ್ರೌಸರ್‌ನ ಪ್ರಶ್ನೆಯಲ್ಲ. ಆಂಡ್ರಾಯ್ಡ್ 7ರಿಂದ 9ರವರೆಗಿನ ಫೋನ್‌ಗಳಲ್ಲಿ ಬೇರೆ ಆ್ಯಪ್‌ಗಳ ಒಳಗೆ ತೆರೆಯುವ ವೆಬ್ ಪುಟಗಳನ್ನು ತೋರಿಸುವುದೂ ಕ್ರೋಮ್ ಎಂಜಿನ್ನೇ. ಆದ್ದರಿಂದ ಕ್ರೋಮ್ ಹಳತಾದರೆ ಆ ಆ್ಯಪ್‌ಗಳ ಲಾಗಿನ್ ಪುಟ, ಹಣ ಕಟ್ಟುವ ಪುಟಗಳೂ ಹಳತಾಗುತ್ತವೆ. ಬ್ರೌಸಿಂಗ್‌ಗೆ ಫೈರ್‌ಫಾಕ್ಸ್ ಹಾಕಿಕೊಳ್ಳಿ, ಅದು ಆಂಡ್ರಾಯ್ಡ್ 8ನ್ನು ಇನ್ನೂ ಕೈಬಿಟ್ಟಿಲ್ಲ. ಆದರೆ ಕ್ರೋಮ್ ಅನ್ನು ಡಿಸೇಬಲ್ ಮಾಡಬೇಡಿ, ಮಾಡಿದರೆ ಮೇಲೆ ಹೇಳಿದ ಒಳಪುಟಗಳು ಕೈಕೊಡಬಹುದು. ವಾಟ್ಸ್‌ಆ್ಯಪ್‌ಗೆ ತೊಂದರೆಯಿಲ್ಲ, ಅದು ಕೇಳುವುದು ಆಂಡ್ರಾಯ್ಡ್ 5 ಅಥವಾ ಮೇಲಿನದು.

ಬ್ಯಾಂಕ್ ಆ್ಯಪ್, ಯುಪಿಐ ಇವತ್ತು ನಡೆದರೂ ಹಾಕಬೇಡಿ. ಭದ್ರತಾ ತಿದ್ದುಪಡಿಗಳು ನಿಂತ ಫೋನಿನಲ್ಲಿ ಹಣ ಇಡುವುದು ತಪ್ಪು. ಇನ್ನೊಂದು ಕಾರಣವೂ ಇದೆ. ಯುಪಿಐ ಆ್ಯಪ್ ಶುರುವಾಗಲು ಅದೇ ಫೋನಿನಲ್ಲಿರುವ ಸಿಮ್‌ನಿಂದ ಎಸ್‌ಎಂಎಸ್ ಹೋಗಬೇಕು. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಅನ್ನು ಕೀ2ಗೆ ಹಾಕಿ, ಆಮೇಲೆ ಆ ಆ್ಯಪ್ ಆಂಡ್ರಾಯ್ಡ್ 8 ನಡೆಯದು ಎಂದರೆ, ತರಕಾರಿ ಗಾಡಿಯ ಮುಂದೆ ನಿಂತು ಸಿಮ್ ಬದಲಿಸುವ ಪಾಡು ನಿಮ್ಮದು. ಆ ಸಿಮ್ ಮುಖ್ಯ ಫೋನಿನಲ್ಲೇ ಇರಲಿ. ಕೀ2ಗೆ ಎರಡನೇ ನಂಬರ್.

ಅಂಗಡಿಯಲ್ಲಿ ನೋಡಬೇಕಾದದ್ದು ಏನು? ಸೋಮವಾರದಿಂದ ಶನಿವಾರದೊಳಗೆ ಹೋಗಿ, ಭಾನುವಾರ ಎಸ್‌ಪಿ ರಸ್ತೆಯ ಹೆಚ್ಚಿನ ಅಂಗಡಿಗಳಿಗೆ ಬಾಗಿಲು. ಹಸಿರು ಮಾರ್ಗದ ಚಿಕ್ಕಪೇಟೆ ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ನಡೆದು ಹೋಗುವ ದೂರ, ಗಾಡಿ ತಂದರೆ ನಿಲ್ಲಿಸಲು ಜಾಗ ಸಿಗುವುದೇ ಕಷ್ಟ. ಜೊತೆಗೆ ನಿಮ್ಮ ಸಿಮ್, ಒಂದು ಟೈಪ್-ಸಿ ಕೇಬಲ್, ಪವರ್‌ಬ್ಯಾಂಕ್, ಇಯರ್‌ಫೋನ್, ಸಿಮ್ ಟ್ರೇ ತೆಗೆಯುವ ಪಿನ್ ಇರಲಿ.

ಮೊದಲು *#06# ಒತ್ತಿ. ಎರಡು ಸಿಮ್‌ನ ಸೆಟ್ ಆದರೆ ಎರಡು ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಬರುತ್ತವೆ. ಎರಡನ್ನೂ ನಿಮ್ಮ ಫೋನಿನಿಂದ, ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಖಾಲಿ ಜಾಗ, ನಂತರ 15 ಅಂಕಿಯ ಐಎಂಇಐ ಬರೆದು 14422ಗೆ ಎಸ್‌ಎಂಎಸ್ ಮಾಡಿ. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲೂ ನೋಡಬಹುದು. ಉತ್ತರದಲ್ಲಿ ಕಪ್ಪುಪಟ್ಟಿ, ನಕಲಿ ಅಥವಾ ಈಗಾಗಲೇ ಬಳಕೆಯಲ್ಲಿದೆ ಎಂದು ಬಂದರೆ ಬೆಲೆ ಎಷ್ಟೇ ಇಳಿದರೂ ವಾಪಸ್ ಕೊಟ್ಟು ಎದ್ದುಬನ್ನಿ. ಕದ್ದ ಸೆಟ್ ಕೊಂಡರೆ ನಾಳೆ ಪೊಲೀಸರು ಬರುವುದು ನಿಮ್ಮ ಬಾಗಿಲಿಗೆ.

ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಮಾಡೆಲ್ ನಂಬರ್ ನೋಡಿ. ಬಿಬಿಎಫ್100 ಎಂದು ಶುರುವಾದರೆ ಕೀ2, ಬಿಬಿಇ100 ಆದರೆ ಕೀ2 ಎಲ್‌ಇ, ಬಿಬಿಬಿ100 ಆದರೆ ಕೀವನ್. ಎಲ್‌ಇ ತೋರಿಸಿ ಕೀ2 ಬೆಲೆ ಹೇಳುವುದುಂಟು. ಇನ್ನೂ ಸುಲಭದ ಗುರುತು: ಬ್ರೌಸರ್ ತೆರೆದು ಗುಂಡಿಗಳ ಮೇಲೆ ಬೆರಳು ಸವರಿ, ಪುಟ ಸರಿಯದಿದ್ದರೆ ಅದು ಎಲ್‌ಇ, ಇಲ್ಲವೇ ಕೀಬೋರ್ಡ್ ಕೆಟ್ಟಿರುವ ಕೀ2. ಎರಡೂ ಬೇಡ. ಎಲ್‌ಇಯಲ್ಲಿ ಸ್ನ್ಯಾಪ್‌ಡ್ರ್ಯಾಗನ್ 636, 4 ಜಿಬಿ ರ‍್ಯಾಮ್, ಬ್ಯಾಟರಿ 3000 ಎಂಎಎಚ್. ಸವರುವ ಸೌಲಭ್ಯವಿಲ್ಲ. ಇಂದಿನ ಆ್ಯಪ್‌ಗಳ ಭಾರಕ್ಕೆ 4 ಜಿಬಿ ತಡೆಯುವುದಿಲ್ಲ, ವಾಟ್ಸ್‌ಆ್ಯಪ್‌ನಿಂದ ಬ್ರೌಸರ್‌ಗೆ ಹೋಗಿ ಬರುವಷ್ಟರಲ್ಲಿ ಹಿಂದಿನದು ಮತ್ತೆ ಮೊದಲಿನಿಂದ ತೆರೆದುಕೊಳ್ಳುತ್ತದೆ. ಕೀವನ್‌ಗೆ ಇನ್ನೊಂದು ಕಳಂಕವಿದೆ. ಮೊದಮೊದಲ ತಂಡದ ಸೆಟ್‌ಗಳಲ್ಲಿ ಸ್ಕ್ರೀನ್ ಅನ್ನು ಗಟ್ಟಿಯಾಗಿ ಅಂಟಿಸಿರಲಿಲ್ಲ, ಬಾಗಿದಾಗ ಎದ್ದು ಬರುತ್ತಿತ್ತು. ಆಮೇಲೆ ಸರಿಪಡಿಸಿದರು.

ಗುಂಡಿಗಳ ಪರೀಕ್ಷೆಗೆ ಐದು ನಿಮಿಷ ಕೊಡಲೇಬೇಕು, ಏಕೆಂದರೆ ನೀವು ಕೊಳ್ಳುತ್ತಿರುವುದೇ ಅದನ್ನು. ಟಿಪ್ಪಣಿ ಪುಟ ತೆರೆದು 26 ಅಕ್ಷರಗಳನ್ನೂ ತಲಾ ಹತ್ತು ಸಲ, ಒಂದೇ ಲಯದಲ್ಲಿ ಒತ್ತಿ. ಒಂದು ಸಾಲಿನಲ್ಲಿ ಹನ್ನೊಂದು ಬಿದ್ದರೆ ಆ ಗುಂಡಿ ಎರಡೆರಡು ಸಲ ಬಡಿಯುತ್ತಿದೆ, ಒಂಬತ್ತು ಬಿದ್ದರೆ ತಪ್ಪಿಸುತ್ತಿದೆ. ಪ್ರತಿ ಗುಂಡಿಯ ಕೆಳಗೆ ಪುಟ್ಟ ಗುಮ್ಮಟದಂಥ ಲೋಹದ ಬಿಲ್ಲೆ ಇರುತ್ತದೆ. ಅದು ಸವೆದರೆ, ಧೂಳು ಅಥವಾ ತೇವ ಸೇರಿದರೆ, ಒಂದೇ ಒತ್ತಿಗೆ ಎರಡು ಸಲ ಸಂಪರ್ಕ ಕೊಡುತ್ತದೆ. ಇ, ಎ, ಸ್ಪೇಸ್, ಎಂಟರ್, ಬ್ಯಾಕ್‌ಸ್ಪೇಸ್ ಇವು ಮೊದಲು ಸೋಲುವವು. ‘ಕ್ಲೀನ್ ಮಾಡಿದರೆ ಸರಿಹೋಗುತ್ತದೆ’ ಎಂಬ ಮಾತಿಗೆ ಮರುಳಾಗಬೇಡಿ. ಧೂಳಾದರೆ ಹೋಗುತ್ತದೆ, ಸವೆತ ಹೋಗುವುದಿಲ್ಲ. ಅಂಗೈ ಮುಚ್ಚಿ ಕತ್ತಲು ಮಾಡಿ ಗುಂಡಿಗಳ ಬೆಳಕು ಎಲ್ಲ ಸಾಲಿಗೂ ಸಮವಾಗಿ ಬರುತ್ತದೆಯೇ ನೋಡಿ. ಸ್ಪೇಸ್ ಗುಂಡಿಗೆ ನಿಮ್ಮ ಬೆರಳಚ್ಚು ಸೇರಿಸಿ ಐದು ಸಲ ತೆರೆಯಿರಿ.

ಬ್ಯಾಟರಿಗೆ ವಯಸ್ಸಾಗಿರುತ್ತದೆ, ಅದರಲ್ಲಿ ಅನುಮಾನವಿಲ್ಲ. ಫೋನನ್ನು ಗಾಜಿನ ಕೌಂಟರ್ ಮೇಲೆ ಅಂಗಾತ ಇಟ್ಟು ನಾಲ್ಕು ಮೂಲೆ ಒತ್ತಿ ನೋಡಿ. ತೂಗಿದರೆ ಅಥವಾ ಬೆನ್ನಿನ ಹೊದಿಕೆ ಅಂಚಿನಲ್ಲಿ ಎದ್ದಿದ್ದರೆ ಬ್ಯಾಟರಿ ಊದಿದೆ, ಆ ಸೆಟ್ ಬೇಡ. ಊದಿಲ್ಲವಾದರೆ ಬೆಳಕನ್ನು ಅರ್ಧಕ್ಕೆ ಇಟ್ಟು ಅರ್ಧ ಗಂಟೆ ಯೂಟ್ಯೂಬ್ ಓಡಿಸಿ. ಶೇ 10ಕ್ಕಿಂತ ಹೆಚ್ಚು ಇಳಿದರೆ, ಅಥವಾ 40ರಿಂದ ಒಮ್ಮೆಲೇ 25ಕ್ಕೆ ಹಾರಿದರೆ, ಬ್ಯಾಟರಿ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಇದು ಬೋಲ್ಡ್‌ನ ಹಾಗೆ ಕೈಯಲ್ಲಿ ತೆಗೆಯುವ ಬ್ಯಾಟರಿಯಲ್ಲ. ಒಳಗೆ ಅಂಟಿಸಿದ್ದು, ಬಿಸಿ ಮಾಡಿ ಬಿಡಿಸಬೇಕು. ಹಳೇ ಬ್ಯಾಟರಿಯ ಮೈಮೇಲಿನ ಕೋಡ್ ಅಕ್ಷರಕ್ಷರ ಹೊಂದುವುದನ್ನೇ ಹಾಕಿಸಿ. ಕೀವನ್‌ದೂ ಕೀ2ದೂ ಒಂದೇ ಎಂದು ಹೇಳಿ ತುರುಕಿದರೆ ಕನೆಕ್ಟರ್ ಹಾಳಾಗುತ್ತದೆ.

ಸಿಮ್ ಹಾಕಿ ಒಂದು ಕರೆ ಮಾಡಿ, ಮಾತಾಡುತ್ತಿರುವಾಗಲೇ ಬ್ರೌಸರ್‌ನಲ್ಲಿ ಒಂದು ಪುಟ ತೆರೆಯಿರಿ. ತೆರೆದರೆ ಕರೆ 4ಜಿಯಲ್ಲೇ ಹೋಗುತ್ತಿದೆ ಎಂದರ್ಥ. ಜಿಯೋ ಸಿಮ್ ಹಾಕಬೇಕೆಂದಿದ್ದರೆ ಈ ಪರೀಕ್ಷೆ ತಪ್ಪಿಸಬೇಡಿ. ಜಿಯೋದ 4ಜಿ ಓಡುವುದು 3, 5, 40ನೇ ಬ್ಯಾಂಡ್‌ಗಳಲ್ಲಿ. ಹೊರದೇಶದಿಂದ ಬಂದ ಸೆಟ್ ಇವುಗಳಲ್ಲಿ ಒಂದನ್ನು ಹಿಡಿಯದಿದ್ದರೆ ಬೀದಿಯಲ್ಲಿ ಸಿಗ್ನಲ್ ಇರುತ್ತದೆ, ಮನೆಯೊಳಗೆ ಹೋದರೆ ಇರುವುದಿಲ್ಲ. ಟ್ರೇ ಇದೆಯೇ ನೋಡಿ, ಕಳೆದರೆ ಇನ್ನೊಂದು ಸಿಗುವುದು ಕಷ್ಟ. ಎರಡು ಸಿಮ್‌ನ ಸೆಟ್‌ನಲ್ಲಿ ಎರಡನೇ ಸಿಮ್‌ಗೂ ಮೆಮೊರಿ ಕಾರ್ಡ್‌ಗೂ ಇರುವುದು ಒಂದೇ ಜಾಗ. ಕೇಬಲ್ ಚುಚ್ಚಿ ಸ್ವಲ್ಪ ಅಲ್ಲಾಡಿಸಿ, ಚಾರ್ಜಿಂಗ್ ಕಡಿದು ಕಡಿದು ಬಂದರೆ ಪೋರ್ಟ್ ಸಡಿಲ.

ಹಣ ಕೊಡುವ ಮುಂಚೆ ಮಾರುವವರ ಕೈಯಲ್ಲೇ ಹಳೇ ಗೂಗಲ್ ಖಾತೆ ತೆಗೆಸಿ, ನಂತರ ಸೆಟ್ಟಿಂಗ್ಸ್‌ನಿಂದಲೇ ಫ್ಯಾಕ್ಟರಿ ರೀಸೆಟ್ ಮಾಡಿಸಿ. ಈ ಅನುಕ್ರಮ ತಪ್ಪಿದರೆ, ಅಂದರೆ ಖಾತೆ ತೆಗೆಯದೆ ರಿಕವರಿಯಿಂದ ರೀಸೆಟ್ ಮಾಡಿದರೆ, ಫೋನ್ ಎದ್ದ ಕೂಡಲೇ ಹಳೇ ಮಾಲೀಕರ ಪಾಸ್‌ವರ್ಡ್ ಕೇಳಿ ಕೂರುತ್ತದೆ. ರೀಸೆಟ್ ಆದ ಮೇಲೆ ಅಲ್ಲೇ ನಿಮ್ಮ ಖಾತೆ ಹಾಕಿ ಪ್ಲೇ ಸ್ಟೋರ್ ತೆರೆಯುವುದನ್ನು ನೋಡಿಕೊಂಡೇ ಹೊರಡಿ.

ಬೆಲೆ? ಗುಂಡಿ, ಸ್ಕ್ರೀನ್, ಬ್ಯಾಟರಿ ಮೂರೂ ಚೆನ್ನಾಗಿದ್ದರೆ 10,000 ರೂಪಾಯಿ ತನಕ ಕೊಡಬಹುದು, ಅದಕ್ಕೂ ಮೇಲೆ ಹೋಗಬೇಡಿ ಎಂಬುದು ನಮ್ಮ ಅಭಿಪ್ರಾಯ. ಬ್ಯಾಟರಿ ಬದಲಿಸಬೇಕಿದ್ದರೆ ಇನ್ನೂ ಇಳಿಸಿ. ‘ಬಾಕ್ಸ್ ಪೀಸ್, ಸೀಲ್ ಒಡೆದಿಲ್ಲ’ ಎಂದು ದುಪ್ಪಟ್ಟು ಕೇಳಿದರೆ ಕೊಡುವ ಅಗತ್ಯವಿಲ್ಲ. ವರ್ಷಗಟ್ಟಲೆ ಚಾರ್ಜ್ ಇಲ್ಲದೆ ಡಬ್ಬದಲ್ಲಿ ಬಿದ್ದಿದ್ದ ಲಿಥಿಯಂ ಬ್ಯಾಟರಿ ಬಳಸಿದ್ದಕ್ಕಿಂತ ಕೆಟ್ಟಿರಬಹುದು. ಸ್ಕ್ರೀನ್ ಒಡೆದರೆ ಪ್ಯಾನಲ್ ಹೊರದೇಶದಿಂದ ಬರಬೇಕು, ಇಲ್ಲವೇ ಇನ್ನೊಂದು ಸತ್ತ ಸೆಟ್‌ನಿಂದ ತೆಗೆಯಬೇಕು. ರಿಪೇರಿಯವರು ಕೀಬೋರ್ಡನ್ನು ಒಳಗಿನ ಬೋರ್ಡಿಗೆ ಸೇರಿಸುವ ತೆಳು ತಂತಿಪಟ್ಟಿಯನ್ನು ಹರಿದರೆ ಫೋನ್ ಮುಗಿದ ಹಾಗೆ, ಆದ್ದರಿಂದ ಇದೇ ಮಾಡೆಲ್ ಬಿಚ್ಚಿ ಅನುಭವವಿರುವವರನ್ನೇ ಹುಡುಕಿ. ನೀರು ತಡೆಯುವ ಯಾವ ರೇಟಿಂಗ್ ಕೂಡ ಇದಕ್ಕಿಲ್ಲ. ಸಂಜೆ ನಾಲ್ಕರ ಮೇಲೆ ಮಳೆ ಸುರಿಯುವ ನಮ್ಮೂರಲ್ಲಿ ಬೈಕಿನಲ್ಲಿ ಓಡಾಡುವವರು ಪ್ಲಾಸ್ಟಿಕ್ ಚೀಲವೊಂದನ್ನು ಜೇಬಿನಲ್ಲಿ ಇಟ್ಟುಕೊಳ್ಳಿ. ಗುಂಡಿಗಳ ಸಂದಿಯಿಂದ ನೀರು ಇಳಿದರೆ ಮೇಲೆ ಹೇಳಿದ ಬಿಲ್ಲೆಗಳು ತುಕ್ಕು ಹಿಡಿಯುತ್ತವೆ.

ಬ್ಲ್ಯಾಕ್‌ಬೆರಿಯ ಹೊಸ ಫೋನ್ ಬರಲಿ, ಆಗ ಕೊಳ್ಳೋಣ ಎಂದು ಕಾಯುವವರಿದ್ದಾರೆ. ಆನ್‌ವರ್ಡ್‌ಮೊಬಿಲಿಟಿ ಎಂಬ ಕಂಪನಿ 2020ರ ಆಗಸ್ಟ್‌ನಲ್ಲಿ ಗುಂಡಿಗಳಿರುವ 5ಜಿ ಬ್ಲ್ಯಾಕ್‌ಬೆರಿ ತರುತ್ತೇವೆ ಎಂದಿತ್ತು. 2022ರ ಫೆಬ್ರುವರಿಯಲ್ಲಿ ಅದೇ ಬಾಗಿಲು ಹಾಕಿತು. ಮೂಲ ಕಂಪನಿ ಈಗ ಫೋನಿನ ಕಡೆ ನೋಡುವುದೂ ಇಲ್ಲ. ಅದು 2010ರಲ್ಲಿ ಕೊಂಡ ಕ್ಯೂಎನ್‌ಎಕ್ಸ್ ಎಂಬ ಓಎಸ್ ಇಂದು ಕೋಟಿಗಟ್ಟಲೆ ಕಾರುಗಳ ಒಳಗೆ ಓಡುತ್ತಿದೆ, ದುಡಿಮೆಯ ದೊಡ್ಡ ಪಾಲು ಅಲ್ಲಿಂದ. ಗುಂಡಿಗಳ ಹೊಸ ಫೋನ್ ಬೇಕೇಬೇಕು ಎನ್ನುವವರಿಗೆ ಯುನಿಹರ್ಟ್ಜ್‌ನ ಟೈಟನ್ ಸಾಲಿನ ಫೋನ್‌ಗಳಿವೆ. ಇಲ್ಲಿನ ಅಂಗಡಿಗಳಲ್ಲಿ ಕೇಳಿದರೆ ಸಿಗುವಂಥವಲ್ಲ, ತರಿಸಿಕೊಂಡರೆ ಸುಂಕ ಸೇರುತ್ತದೆ. ಆಂಡ್ರಾಯ್ಡ್ ಹೊಸದು, ಆದರೆ ದಪ್ಪ, ಭಾರ. ಗುಂಡಿಗಳ ಹದದಲ್ಲಿ ಕೀ2 ಮುಂದಿದೆ.

ಕೊಂಡ ಮೇಲೆ ಬಿಲ್ ಕೇಳಿ ಪಡೆಯಿರಿ. ಅದರಲ್ಲಿ ಎರಡೂ ಐಎಂಇಐ, ಮಾಡೆಲ್ ನಂಬರ್, ತಾರೀಕು, ಅಂಗಡಿಯ ಮೊಹರು ಇರಬೇಕು. ಒಂದು ವಾರದೊಳಗೆ ಗುಂಡಿ ಕೈಕೊಟ್ಟರೆ ಬದಲಿಸಿಕೊಡುವುದಾಗಿ ಅದೇ ಬಿಲ್ ಮೇಲೆ ಬರೆಸಿ, ಸಹಿ ಹಾಕಿಸಿಕೊಳ್ಳಿ. ಮೊದಲ ವಾರವೆಲ್ಲ ದಿನವೂ ಒಂದು ಪುಟದಷ್ಟು ಟೈಪ್ ಮಾಡಿ. ಸವೆದ ಬಿಲ್ಲೆ ಅಷ್ಟರೊಳಗೆ ತನ್ನನ್ನು ತೋರಿಸಿಕೊಳ್ಳುತ್ತದೆ.